ಬ್ಯಾಕ್ಟೀರಿಯಾದ ತುದಿಗೆ ಪ್ರೋಟೀನ್ ಹೇಗೆ ಹೋಗಿ ಕೂರುತ್ತದೆ? ಪತ್ತೆ ಹಚ್ಚುವ ದಾರಿ, ಹಂತ ಹಂತವಾಗಿ

ಆಗ ಆಷಾಢ. ಶಿವಮೊಗ್ಗದಲ್ಲಿ ನಾಲ್ಕು ದಿನದಿಂದ ಬಿಸಿಲಿನ ಸುಳಿವಿಲ್ಲ. ತುಂಗೆಯಲ್ಲಿ ಮಂಟಪ ಮುಳುಗಿತಂತೆ ಎಂದು ಊರೆಲ್ಲ ಅದೇ ಮಾತು. ನಾನು ಮಾತ್ರ ಕತ್ತಲೆ ಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂತಿದ್ದೆ. ಕಪ್ಪು ಹಿನ್ನೆಲೆಯಲ್ಲಿ ಈ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೋಶಗಳು. ಒಂದೊಂದರ ತುದಿಯಲ್ಲೂ ಒಂದು ಹಸಿರು ಚುಕ್ಕೆ, ಹೊಳೆಯುವ ಹಸಿರು ಬಾಲ ಕಟ್ಟಿ ನಾನು ಹುಡುಕುತ್ತಿದ್ದ ಪ್ರೋಟೀನ್. ಥೇಟ್ ಬೆಂಕಿಕಡ್ಡಿಗಳನ್ನು ಚೆಲ್ಲಿದ ಹಾಗೆ. ಖುಷಿಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಮುಂದಿನ ಮೂರು ತಿಂಗಳು ಆ ಚುಕ್ಕೆಯ ಹಿಂದೆ ಬಿದ್ದೆ. ಕೊನೆಗೊಂದು ದಿನ ಜೂನಿಯರ್ ಹುಡುಗಿ ಒಬ್ಬಳು, "ಅಣ್ಣ, ಬೇರೆ ಬಣ್ಣ ಅಂಟಿಸಿ ನೋಡಿದ್ರಾ?" ಎಂದು ಸುಮ್ನೆ ಕೇಳಿದಳು. ನೋಡಿರಲಿಲ್ಲ. ನೋಡಿದಾಗ ಚುಕ್ಕೆ ಮಾಯ. ನನ್ನ ಪ್ರೋಟೀನ್ ತುದಿಗೆ ಹೋಗುತ್ತಲೇ ಇರಲಿಲ್ಲ. ನಾನು ಕಟ್ಟಿದ್ದ ಹಸಿರು ಬಾಲವೇ ಅದನ್ನು ಗಂಟು ಕಟ್ಟಿಸಿ ಮೂಲೆಗೆ ಸೇರಿಸಿತ್ತು.

ಈ ಬರಹ ಎಂಎಸ್ಸಿ ಪ್ರಾಜೆಕ್ಟ್ ಮಾಡುವವರಿಗೆ, ಪಿಎಚ್‌ಡಿ ಶುರು ಮಾಡಿದವರಿಗೆ. ಪ್ರಯೋಗ ಮಾಡದವರೂ ಓದಬಹುದು. ಕೇಳುವ ಪ್ರಶ್ನೆ ಒಂದೇ: ಪ್ರೋಟೀನ್ ತುದಿಯಲ್ಲಿ ಕಂಡರೆ, ಅದು ಅಲ್ಲಿಗೆ ಬಂದದ್ದು ಹೇಗೆ ಎಂದು ತಿಳಿಯುವುದು ಹೇಗೆ?

ಶುರು ಮಾಡುವ ಮೊದಲು: ಅಳತೆ ತಲೆಯಲ್ಲಿರಲಿ

ಈ. ಕೋಲಿ ಕೋಶ ಸುಮಾರು 2 ಮೈಕ್ರೋಮೀಟರ್ ಉದ್ದ. ಒಂದು ಮಿಲಿಮೀಟರ್‌ನಲ್ಲಿ 500 ಕೋಶಗಳನ್ನು ಸಾಲಾಗಿ ಮಲಗಿಸಬಹುದು. ಆಕಾರ ಕ್ಯಾಪ್ಸೂಲ್ ಮಾತ್ರೆಯದು. ನಡುವೆ ಕೊಳವೆ, ಎರಡು ಕಡೆ ಅರ್ಧ ಗೋಲ. ಆ ಅರ್ಧ ಗೋಲಗಳನ್ನೇ ಪೋಲ್ ಅನ್ನುತ್ತಾರೆ. ಪಠ್ಯಪುಸ್ತಕದವರು ಧ್ರುವ ಎಂದು ಬರೆಯುತ್ತಾರೆ. ನಾನು ತುದಿ ಅನ್ನುತ್ತೇನೆ.

ನಮ್ಮ ಮೈಯ ಕೋಶಗಳಲ್ಲಿ ಸಾಮಾನು ಹೊತ್ತು ಹಳಿಯ ಮೇಲೆ ನಡೆಯುವ ಹಮಾಲಿ ಪ್ರೋಟೀನ್‌ಗಳಿವೆ. ಬ್ಯಾಕ್ಟೀರಿಯಾದ ತುದಿಗೆ ಸಾಮಾನು ಮುಟ್ಟಿಸಲು ಅಂಥ ಹಮಾಲಿ ಬೇಕಾಗಿಯೇ ಇಲ್ಲ. ಹಸಿರಾಗಿ ಹೊಳೆಯುವ ಜಿಎಫ್‌ಪಿಯಂಥ ಸಣ್ಣ ಪ್ರೋಟೀನ್ ಈ. ಕೋಲಿಯ ಒಳಗೆ ಸೆಕೆಂಡಿಗೆ ಸುಮಾರು 7.7 ಚದರ ಮೈಕ್ರೋಮೀಟರ್ ಲೆಕ್ಕದಲ್ಲಿ ಅಲೆಯುತ್ತದೆ ಎಂದು 1999ರಲ್ಲೇ ಅಳೆದಿದ್ದಾರೆ. ಅಂದರೆ ಈ ತುದಿಯಿಂದ ಆ ತುದಿಗೆ ಒಂದು ಸೆಕೆಂಡೂ ಬೇಡ. ಹಾಗಾಗಿ ಹೋಗುವುದು ಕಷ್ಟವಲ್ಲ, ಹೋದ ಮೇಲೆ ಅಲ್ಲೇ ಉಳಿಯುವುದು ಕಷ್ಟ. ಮಾರಿಕಾಂಬಾ ಜಾತ್ರೆಯಲ್ಲಿ ಸುಮ್ನೆ ಅಲೆಯುವ ಮಕ್ಕಳನ್ನು ನೋಡಿ. ಯಾರೂ ಕರೆದುಕೊಂಡು ಹೋಗಬೇಕಿಲ್ಲ, ಎಲ್ಲಾ ಮೂಲೆಗೂ ಹೋಗಿ ಬರುತ್ತಾರೆ. ಆಟಿಕೆ ಅಂಗಡಿ ಮುಂದೆ ಮಾತ್ರ ಕಾಲು ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅಲ್ಲೇ ಗುಂಪು. ತುದಿಯಲ್ಲಿರುವ ಆ ಆಟಿಕೆ ಅಂಗಡಿ ಯಾವುದು ಎಂದು ಹುಡುಕುವುದೇ ನಮ್ಮ ಕೆಲಸ.

ಇದೆಲ್ಲ ಯಾಕೆ ಬೇಕು ಅಂತೀರಾ? ಮಲೆನಾಡಿನ ಶುಂಠಿ ಬೆಳೆಗಾರರಿಗೆ ಬಾಡುರೋಗ ಗೊತ್ತು. ಅದನ್ನು ತರುವ ರಾಲ್‌ಸ್ಟೋನಿಯಾಕ್ಕೆ ಈಜುವ ಬಾಲ ಇರುವುದು ತುದಿಯಲ್ಲೇ. ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಇಕ್ಸ್‌ಎ ಎಂಬ ಪ್ರೋಟೀನನ್ನು ಒಂದೇ ತುದಿಯಲ್ಲಿ ಇಟ್ಟುಕೊಳ್ಳುತ್ತದೆ. ಅದರ ನೆರವಿನಿಂದ ನಮ್ಮ ಕೋಶದ ಆಕ್ಟಿನ್ ಎಳೆಗಳನ್ನೇ ಹಿಂದಿನಿಂದ ಕಟ್ಟಿಸಿಕೊಂಡು ಮುಂದೆ ನುಗ್ಗುತ್ತದೆ. ಆ ಪ್ರೋಟೀನ್ ಮೈತುಂಬ ಹರಡಿದ್ದರೆ ಯಾವ ಕಡೆಗೂ ತಳ್ಳು ಸಿಗುತ್ತಿರಲಿಲ್ಲ.

ಹಂತ 1: ಬಾಲ ಕಟ್ಟುವುದು

ಪ್ರೋಟೀನ್ ಕಣ್ಣಿಗೆ ಕಾಣುವುದಿಲ್ಲ. ಅದರ ಜೀನಿಗೆ ಹೊಳೆಯುವ ಪ್ರೋಟೀನಿನ ಜೀನ್ ಸೇರಿಸಬೇಕು. ಆ ಹೊಳೆಯುವ ತುಂಡೇ ಬಾಲ. ಜೆಲ್ಲಿಮೀನಿನ ಜಿಎಫ್‌ಪಿ ಎಲ್ಲರಿಗೂ ಗೊತ್ತಿರುವುದೇ. 2008ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಬಂತು. ಆದರೆ ಮೂಲ ಜಿಎಫ್‌ಪಿಗೆ ಒಂದು ಚಾಳಿ ಇದೆ. ಎರಡೆರಡು ಜೋಡಿಯಾಗುತ್ತದೆ. ನಿಮ್ಮ ಪ್ರೋಟೀನೂ ನಾಲ್ಕೋ ಆರೋ ಸೇರಿ ಕೆಲಸ ಮಾಡುವಂಥದ್ದಾದರೆ ಬಾಲಗಳು ಒಂದಕ್ಕೊಂದು ಸಿಕ್ಕಿಕೊಂಡು ದೊಡ್ಡ ಗಂಟಾಗುತ್ತದೆ. ಅದಕ್ಕೇ 206ನೇ ಜಾಗದ ಅಲನಿನ್ ತೆಗೆದು ಲೈಸಿನ್ ಹಾಕಿದ, ಒಂಟಿಯಾಗಿರುವ ಜಿಎಫ್‌ಪಿ ಬಳಸಿ. ನಾನು ಬಳಸಿದ್ದು ಹಳೇದು. ಲ್ಯಾಬಿನ ಫ್ರೀಜರ್‌ನಲ್ಲಿ ಅದೇ ಇತ್ತು, ತೆಗೆದುಕೊಂಡೆ, ಅಷ್ಟೇ.

ಬಾಲವನ್ನು ಪ್ರೋಟೀನಿನ ಮುಂದೆಯೂ ಕಟ್ಟಿ, ಹಿಂದೆಯೂ ಕಟ್ಟಿ. ಎರಡು ಬೇರೆ ಬೇರೆ ಸ್ಟ್ರೇನ್ (ತಳಿ) ಮಾಡಿ. ನಡುವೆ ಹತ್ತು ಹದಿನೈದು ಅಮೈನೋ ಆಮ್ಲದ ಮೆತ್ತನೆ ಕೊಂಡಿ ಇರಲಿ. ಸಾಧ್ಯವಾದರೆ ಕ್ರೋಮೋಸೋಮಿನಲ್ಲೇ, ಆ ಜೀನಿನ ಸ್ವಂತ ಜಾಗದಲ್ಲೇ ಸೇರಿಸಿ. ಪ್ಲಾಸ್ಮಿಡ್‌ನಲ್ಲಿಟ್ಟು (ಬಿಡಿ ಡಿಎನ್‌ಎ ಉಂಗುರ) ಜೀನನ್ನು ಚಾಲೂ ಮಾಡುವ ಅರಾಬಿನೋಸ್ ಸಕ್ಕರೆ ಸುರಿದರೆ ಪ್ರೋಟೀನ್ ಜಾಸ್ತಿಯಾಗಿ ತುಳುಕುತ್ತದೆ. ತುಳುಕಿದ್ದು ತುದಿಯಲ್ಲಿ ಕಸವಾಗಿ ಕೂರುತ್ತದೆ.

ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ. ಅಭ್ಯಾಸಕ್ಕೆ ರೋಗ ತರದ ಈ. ಕೋಲಿ ಕೆ-12 ಸಾಕು.

ಹಂತ 2: ಬಾಲ ಕಟ್ಟಿದ ಮೇಲೂ ಅದು ಕೆಲಸ ಮಾಡುತ್ತಾ?

ಈ ಹಂತವನ್ನೇ ಎಲ್ಲರೂ ಹಾರಿಸುವುದು. ಕೆಲಸ ಮಾಡದ ಪ್ರೋಟೀನ್ ಎಲ್ಲಿದ್ದರೇನು?

ಉದಾಹರಣೆಗೆ ಟಿಎಸ್‌ಆರ್ ತೆಗೆದುಕೊಳ್ಳಿ. ಈ. ಕೋಲಿಗೆ ಆಹಾರದ ವಾಸನೆ ಹೇಳುವ ಗ್ರಾಹಕ ಅದು. ಇಂಥ ಗ್ರಾಹಕಗಳು ತುದಿಯಲ್ಲಿ ಗುಂಪಾಗಿರುತ್ತವೆ ಎಂದು 1993ರಲ್ಲಿ ಜಾನೀನ್ ಮ್ಯಾಡಕ್ ಮತ್ತು ಲೂಸಿ ಶಪೀರೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಬ್ಯಾಕ್ಟೀರಿಯಾ ಅಂದರೆ ಎಲ್ಲ ಕಲಸಿದ ಚೀಲ ಎಂದು ನಂಬಿದ್ದ ಕಾಲ ಅದು. ಇದರ ಕೆಲಸ ನೋಡಲು ದುಬಾರಿ ಯಂತ್ರ ಬೇಡ. 0.3 ಶೇಕಡಾ ಅಗರ್ ಹಾಕಿದ ಮೆತ್ತನೆ ಪ್ಲೇಟ್ ಸಾಕು. ಗಂಜಿಗಿಂತ ಸ್ವಲ್ಪ ಗಟ್ಟಿ ಇರುತ್ತದೆ, ಅಲುಗಿಸಿದರೆ ಹೋಯಿತು. ನಡುವೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿದ ದ್ರವ) ಚುಚ್ಚಿ 30 ಡಿಗ್ರಿಯಲ್ಲಿ ಬಿಡಿ. ಎಂಟು ಹತ್ತು ಗಂಟೆಯಲ್ಲಿ ಕೆರೆಗೆ ಕಲ್ಲು ಹಾಕಿದ ಹಾಗೆ ಉಂಗುರ ಉಂಗುರವಾಗಿ ಹರಡುತ್ತದೆ. ಟಿಎಸ್‌ಆರ್ ಜೀನ್ ತೆಗೆದ ಸ್ಟ್ರೇನ್‌ನಲ್ಲಿ ಅದರ ಪಾಲಿನ ಉಂಗುರ ಇರುವುದಿಲ್ಲ. ಬಾಲ ಕಟ್ಟಿದ ಸ್ಟ್ರೇನ್‌ನಲ್ಲಿ ಆ ಉಂಗುರ ವಾಪಸ್ ಬಂತಾ? ಹಾಗಾದರೆ ಮುಂದೆ ಹೋಗಿ.

ನಿಮ್ಮ ಪ್ರೋಟೀನಿಗೆ ಬೇರೆ ಪರೀಕ್ಷೆ ಇರುತ್ತದೆ. ಅದೇನೆಂದು ಮೊದಲ ವಾರವೇ ಗೈಡ್ ಹತ್ತಿರ ಕೂತು ಗಟ್ಟಿ ಮಾಡಿಕೊಳ್ಳಿ.

ಹಂತ 3: ಬೆಳೆಸುವುದು, ಪ್ಯಾಡ್ ಹಾಕುವುದು

ರಾತ್ರಿ ಹಾಕಿದ ಕಲ್ಚರ್ ಬೆಳಿಗ್ಗೆ ನೇರವಾಗಿ ನೋಡಬೇಡಿ. ಹಸಿದು ಕೂತ ಕೋಶಗಳಲ್ಲಿ ತುದಿಗಂಟು ಜಾಸ್ತಿ. ಹೊಸ ಮೀಡಿಯಾಕ್ಕೆ ನೂರಕ್ಕೆ ಒಂದರಂತೆ ಹಾಕಿ, 600 ನ್ಯಾನೋಮೀಟರ್‌ನಲ್ಲಿ ಓಡಿ (ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) 0.2ರಿಂದ 0.4 ಬರುವ ತನಕ ಬೆಳೆಸಿ. ಎಲ್‌ಬಿ ಮೀಡಿಯಾ ಬದಲು ಎಂ9 ಮೀಡಿಯಾ ಒಳ್ಳೇದು. ಎಲ್‌ಬಿ ತಾನೇ ಹಸಿರಾಗಿ ಹೊಳೆಯುತ್ತದೆ.

ಇನ್ನು ಪ್ಯಾಡ್, ಅಂದರೆ ಕೋಶಗಳು ಅಲುಗದಂತೆ ಕೂರಿಸುವ ಮೆತ್ತನೆ ಹಾಸು. ಎಂ9ಗೆ 1.5 ಶೇಕಡಾ ಅಗರೋಸ್ ಹಾಕಿ ಮೈಕ್ರೋವೇವ್‌ನಲ್ಲಿ ಕರಗಿಸಿ. ಉಕ್ಕುವುದರೊಳಗೆ ಎರಡು ಮೂರು ಸಲ ನಿಲ್ಲಿಸಿ ಅಲ್ಲಾಡಿಸಿ. ಸ್ಲೈಡಿನ ಎರಡು ಕಡೆ ಟೇಪ್ ಸುತ್ತಿದ ಸ್ಲೈಡ್ ಇಟ್ಟು, ನಡುವೆ ಅರ್ಧ ಮಿಲಿಲೀಟರ್ ಸುರಿದು, ಮೇಲೆ ಇನ್ನೊಂದು ಸ್ಲೈಡ್ ಮುಚ್ಚಿ. ಐದು ನಿಮಿಷಕ್ಕೆ ಹಾಲುಬಾಯಿ ತರ ಹೆಪ್ಪುಗಟ್ಟುತ್ತದೆ. ಮೇಲಿನ ಸ್ಲೈಡ್ ಎತ್ತಬೇಡಿ, ಜಾರಿಸಿ. ಎತ್ತಿದರೆ ಪ್ಯಾಡ್ ಹರಿಯುತ್ತದೆ. ಬ್ಲೇಡಿನಲ್ಲಿ ಸಣ್ಣ ಚೌಕ ಕತ್ತರಿಸಿ 1 ಮೈಕ್ರೋಲೀಟರ್ ಕಲ್ಚರ್ ಬಿಡಿ. ಹನಿಯ ಹೊಳಪು ಹೋಗುವ ತನಕ ಕಾಯಿರಿ. ಆಮೇಲೆ ಕವರ್‌ಸ್ಲಿಪ್.

ಪುಸ್ತಕದಲ್ಲಿ ಎರಡು ನಿಮಿಷ ಕಾಯಿರಿ ಎಂದಿರುತ್ತದೆ. ಏಪ್ರಿಲ್‌ನಲ್ಲಿ ಅದು ಸರಿ. ಜುಲೈಯಲ್ಲಿ ನಮ್ಮ ಕಡೆ ಹನಿ ಇಂಗುವುದೇ ಇಲ್ಲ. ಹತ್ತು ನಿಮಿಷವಾದರೂ ಕೋಶಗಳು ಈಜುತ್ತಲೇ ಇರುತ್ತವೆ. ಮಳೆಗಾಲದಲ್ಲಿ ನಾನು ಪ್ಯಾಡನ್ನು ಮೊದಲೇ ಐದು ನಿಮಿಷ ತೆರೆದಿಟ್ಟು ಒಣಗಿಸುತ್ತೇನೆ. ಬೇಸಿಗೆಯಲ್ಲಿ ಉಲ್ಟಾ. ಕವರ್‌ಸ್ಲಿಪ್ ಅಂಚಿಗೆ ವ್ಯಾಸಲೀನ್ ಮತ್ತು ಮೇಣ ಕರಗಿಸಿ ಹಚ್ಚದಿದ್ದರೆ ಪ್ಯಾಡ್ ಕುಗ್ಗಿ ಫೋಕಸ್ ಓಡಿಹೋಗುತ್ತದೆ. ಇನ್ನೊಂದು ಮಾತು. ಮಲೆನಾಡಿನ ಥಂಡಿಯಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ. ಜೇಡರಬಲೆಯಂಥ ಗೆರೆ ಕಂಡರೆ ತಡವಾಯಿತು ಎಂದೇ ಅರ್ಥ. 100ಎಕ್ಸ್ ಲೆನ್ಸನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಸಿಲಿಕಾ ನೀಲಿಯಿಂದ ಗುಲಾಬಿಗೆ ತಿರುಗಿದರೆ ಓವನ್‌ನಲ್ಲಿ ಹುರಿದು ಮತ್ತೆ ಹಾಕಿ.

ಹಂತ 4: ಎಣಿಸುವುದು

ಒಂದು ಚೆಂದದ ಕೋಶದ ಫೋಟೋ ಪುರಾವೆಯಲ್ಲ. ಮೂರು ಬೇರೆ ದಿನದ ಕಲ್ಚರ್‌ಗಳಿಂದ, ಪ್ರತಿ ಸಲ ಕಡಿಮೆಯೆಂದರೆ 200 ಕೋಶ ಎಣಿಸಿ. ಒಂದೇ ತುದಿಯಲ್ಲಿದೆಯಾ, ಎರಡರಲ್ಲೂ ಇದೆಯಾ, ನಡುವೆಯೂ ಇದೆಯಾ ಎಂದು ಬೇರೆ ಬೇರೆ ಬರೆಯಿರಿ. ಫಿಜಿ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದಕ್ಕೆ ಸೇರಿಸಿಕೊಳ್ಳುವ ಮೈಕ್ರೋಬ್‌ಜೆ ಕೋಶದ ಅಂಚು ಹಿಡಿದು ಉದ್ದಕ್ಕೂ ಹೊಳಪನ್ನು ಅಳೆದುಕೊಡುತ್ತದೆ. ಫೈಲುಗಳ ಹೆಸರನ್ನು ಗೆಳೆಯರ ಕೈಲಿ ಬದಲಾಯಿಸಿಕೊಂಡು ಎಣಿಸಿ. ಯಾವ ಸ್ಟ್ರೇನ್ ಎಂದು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ.

ಹಳೇ ತುದಿ ಯಾವುದು, ಹೊಸದು ಯಾವುದು ಎಂದೂ ತಿಳಿಯಬೇಕು. ಕೋಶ ನಡುವೆ ಸೀಳಿ ಎರಡಾಗುತ್ತದೆ ಅಲ್ವಾ? ಹಾಗಾಗಿ ಪ್ರತಿ ಹೊಸ ತುದಿಯೂ ಸ್ವಲ್ಪ ಹೊತ್ತಿನ ಹಿಂದೆ ತಾಯಿಕೋಶದ ಸೊಂಟವಾಗಿತ್ತು. ನಿಂತ ಫೋಟೋದಲ್ಲಿ ಇದು ಕಾಣುವುದಿಲ್ಲ. ಐದು ನಿಮಿಷಕ್ಕೊಂದು ಚಿತ್ರ ತೆಗೆದು ಎರಡು ಸೀಳಿನ ತನಕ ಹಿಂಬಾಲಿಸಿ.

ಹಂತ 5: ಚುಕ್ಕೆಯನ್ನು ಅನುಮಾನಿಸುವುದು

ಇಲ್ಲಿ ನಿಧಾನ ಮಾಡಿ. ತುದಿಯ ಚುಕ್ಕೆ ಮೂರು ತರ ಸುಳ್ಳು ಹೇಳುತ್ತದೆ.

ಮೊದಲನೆಯದು ಬಾಲದ ಸುಳ್ಳು. ನನ್ನದು ಅದೇ. ನಾನೊಬ್ಬನೇ ಅಲ್ಲ ಎನ್ನುವುದು ಒಂದು ಸಮಾಧಾನ. ಕ್ಲಿಪ್‌ಪಿ ಎಂಬ, ಬೇಡದ ಪ್ರೋಟೀನ್‌ಗಳನ್ನು ಚೂರು ಮಾಡುವ ಯಂತ್ರ ಈ. ಕೋಲಿಯಲ್ಲಿ ಚುಕ್ಕೆಯಾಗಿರುತ್ತದೆ ಎಂದು ಕಂಡಿದ್ದರು. 2012ರಲ್ಲಿ ಬಾಲಗಳನ್ನು ಬದಲಿಸಿ ನೋಡಿದಾಗ ಆ ಚುಕ್ಕೆ ಬಾಲದ್ದೇ ಎಂದು ತಿಳಿಯಿತು. ಅದೇ ವರ್ಷ, ಈ. ಕೋಲಿಯ ಎಂಆರ್‌ಇಬಿ ಪ್ರೋಟೀನ್ ಸ್ಪ್ರಿಂಗಿನಂತೆ ಸುತ್ತಿರುವುದು ಹಳದಿ ಬಾಲದ ದೆಸೆಯಿಂದ ಎಂದೂ ಗೊತ್ತಾಯಿತು. ವರ್ಷಗಟ್ಟಲೆ ಪಾಠದಲ್ಲಿ ಬಂದಿದ್ದ ಚಿತ್ರ ಅದು! ಆದ್ದರಿಂದ ಕಡಿಮೆಯೆಂದರೆ ಎರಡು ಬೇರೆ ಜಾತಿಯ ಬಾಲ ಕಟ್ಟಿ ನೋಡಿ. ಆ್ಯಂಟಿಬಾಡಿ ಇದ್ದರೆ ಬಾಲವೇ ಇಲ್ಲದ ಪ್ರೋಟೀನನ್ನೂ ನೋಡಿ.

ಎರಡನೆಯದು ಆಕಾರದ ಸುಳ್ಳು. ಪೊರೆಯಲ್ಲಿ ಸಮವಾಗಿ ಹರಡಿದ ಪ್ರೋಟೀನೂ ತುದಿಯಲ್ಲಿ ಹೆಚ್ಚು ಹೊಳೆಯುತ್ತದೆ. ಅಲ್ಲಿ ಪೊರೆ ಬಾಗಿರುವುದರಿಂದ ಒಂದೇ ಪಿಕ್ಸೆಲ್‌ನಲ್ಲಿ ಜಾಸ್ತಿ ಪೊರೆ ಬೀಳುತ್ತದೆ. ಬೆಳಕಿನ ಮೈಕ್ರೋಸ್ಕೋಪಿಗೆ 200-250 ನ್ಯಾನೋಮೀಟರ್‌ಗಿಂತ ಸಣ್ಣ ವ್ಯತ್ಯಾಸ ತಿಳಿಯುವುದಿಲ್ಲ. ಅದೇ ಕೋಶಕ್ಕೆ ಎಫ್‌ಎಂ4-64 ಎಂಬ ಕೆಂಪು ಪೊರೆಬಣ್ಣ ಹಾಕಿ, ಹಸಿರನ್ನು ಕೆಂಪಿನಿಂದ ಭಾಗಿಸಿ. ತುದಿಯ ಹೊಳಪು ಆಮೇಲೂ ಉಳಿದರೆ ಸರಿ.

ಮೂರನೆಯದು ಸಮಯದ ಸುಳ್ಳು. ಮಿನ್‌ಡಿ ಪ್ರೋಟೀನನ್ನು ಫೋಟೋ ತೆಗೆದರೆ ಒಂದು ತುದಿಯಲ್ಲಿ ಕೂತಿದೆ ಅನ್ನಿಸುತ್ತದೆ. ಅದು ಕೂತಿರುವುದೇ ಇಲ್ಲ. ಸುಮಾರು ಒಂದು ನಿಮಿಷದೊಳಗೆ ಆ ತುದಿಗೆ ಹೋಗಿ ಈ ತುದಿಗೆ ವಾಪಸ್ ಬರುತ್ತದೆ. 1999ರಲ್ಲಿ ರಾಸ್ಕಿನ್ ಮತ್ತು ಡಿ ಬೋರ್ ಇದನ್ನು ಕಂಡರು. ಎಟಿಪಿ (ಕೋಶದ ಇಂಧನ) ಹಿಡಿದ ಮಿನ್‌ಡಿ ಪೊರೆಗೆ ಅಂಟುತ್ತದೆ, ಮಿನ್‌ಇ ಎಂಬ ಇನ್ನೊಂದು ಪ್ರೋಟೀನ್ ಬಂದು ಬಿಡಿಸುತ್ತದೆ, ಬಿಟ್ಟದ್ದು ಇನ್ನೊಂದು ಕಡೆ ಅಂಟುತ್ತದೆ. ಹೀಗೆ ತೂಗಿ ತೂಗಿ, ಕೋಶವನ್ನು ಎರಡಾಗಿ ಸೀಳುವ ಉಂಗುರ ತುದಿಯಲ್ಲಿ ಕಟ್ಟದ ಹಾಗೆ ಕಾಯುತ್ತದೆ. ನಿಮ್ಮದೂ ಇದೇ ಜಾತಿಯೋ ಎಂದು ನೋಡಲು ಐದು ಸೆಕೆಂಡಿಗೊಂದು ಚಿತ್ರ, ನಾಲ್ಕು ನಿಮಿಷ. ಕೆಲಸ ಇಷ್ಟೇ, ಆದರೂ ಮಾಡುವವರು ಕಡಿಮೆ.

ಹಂತ 6: ಯಾವ ದಾರಿ? ಒಂದೊಂದೇ ತಳ್ಳಿಹಾಕಿ

ಈಗ ಚುಕ್ಕೆ ನಿಜ ಎಂದಿಟ್ಟುಕೊಳ್ಳೋಣ. ಆಟಿಕೆ ಅಂಗಡಿ ಹುಡುಕೋಣ.

ತಳ್ಳಿಸಿಕೊಂಡು ಬಂದದ್ದಾ? ಕೋಶದ ನಡುವೆ ಡಿಎನ್‌ಎ ಮುದ್ದೆ ಇರುತ್ತದೆ. ತೀರ್ಥಹಳ್ಳಿ ಬಸ್ಸಿನ ನಡುದಾರಿಯಲ್ಲಿ ಅಡಿಕೆ ಮೂಟೆ ಒಟ್ಟಿದ ಹಾಗೆ. ಸಣ್ಣ ಮಕ್ಕಳು ಸಂದಿಯಲ್ಲಿ ತೂರಿ ಹೋಗುತ್ತಾರೆ. ದೊಡ್ಡ ಬ್ಯಾಗ್ ಹೊತ್ತವರು ಹಿಂದೆ ಅಥವಾ ಮುಂದೆ ನಿಲ್ಲಲೇಬೇಕು. ಬಿಡಿ ಪ್ರೋಟೀನ್‌ಗಳು ತೂರುತ್ತವೆ, ದೊಡ್ಡ ಗಂಟುಗಳು ತುದಿಗೆ ಸೇರುತ್ತವೆ. ಮಡಿಕೆ ಕೆಟ್ಟ ಪ್ರೋಟೀನ್‌ಗಳ ಕಸ ಹಳೇ ತುದಿಯಲ್ಲಿ ಸಿಗುವುದು ಇದರಿಂದಲೇ. ಪರೀಕ್ಷೆ ಸುಲಭ: ಸೆಫಲೆಕ್ಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕಿ. ಕೋಶ ಬೆಳೆಯುತ್ತದೆ, ಸೀಳುವುದಿಲ್ಲ. ಶಾವಿಗೆಯ ಹಾಗೆ ಉದ್ದವಾಗುತ್ತದೆ, ಒಳಗೆ ಡಿಎನ್‌ಎ ಮುದ್ದೆಗಳು ಸಾಲಾಗಿ. ಡಾಪಿ ಬಣ್ಣದಲ್ಲಿ ಅವು ನೀಲಿ. ನಿಮ್ಮ ಹಸಿರು ಚುಕ್ಕೆ ನೀಲಿ ಮುದ್ದೆಗಳ ನಡುವಿನ ಸಂದಿಗಳಲ್ಲೂ ಕೂತಿದ್ದರೆ, ಅದಕ್ಕೆ ತುದಿ ಬೇಕಿಲ್ಲ, ಖಾಲಿ ಜಾಗ ಸಾಕು. ಎರಡು ಕೊನೆಯಲ್ಲಿ ಮಾತ್ರ ಇದ್ದರೆ ಮುಂದೆ ನೋಡಿ.

ಬಾಗು ಹಿಡಿದದ್ದಾ? ನನಗೆ ಅತಿ ಇಷ್ಟದ ದಾರಿ ಇದು. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಡಿವ್‌ಐವಿಎ ಪ್ರೋಟೀನ್ ಇದೆ. ಪೊರೆ ಒಳಗಡೆಯಿಂದ ಎಲ್ಲಿ ಗುಳಿಯಾಗಿ ಬಾಗಿದೆಯೋ ಅಲ್ಲಿ ಸೇರುತ್ತದೆ ಎಂದು 2009ರಲ್ಲಿ ಎರಡು ತಂಡಗಳು ತೋರಿಸಿದವು. ವಿಚಿತ್ರ ನೋಡಿ. ತುದಿಯ ಬಾಗಿನ ತ್ರಿಜ್ಯ ಅರ್ಧ ಮೈಕ್ರೋಮೀಟರ್ ಹತ್ತಿರ. ಪ್ರೋಟೀನ್ ಕೆಲವೇ ನ್ಯಾನೋಮೀಟರ್. ಬಚ್ಚಲ ಹಂಡೆಯೊಳಗೆ ಬಿದ್ದ ಇರುವೆಗೆ ಹಂಡೆ ಬಾಗಿದೆ ಎಂದು ಗೊತ್ತಾಗುತ್ತದಾ? ಅದಕ್ಕೆ ಎಲ್ಲ ಸಪಾಟು. ಆದರೆ ಇರುವೆಗಳು ಒಂದರ ಕಾಲು ಒಂದು ಹಿಡಿದು ಸರಪಳಿ ಕಟ್ಟಿದರೆ? ಸರಪಳಿಗೆ ಗೊತ್ತಾಗುತ್ತದೆ. ಡಿವ್‌ಐವಿಎ ಕೂಡ ಒಂದಕ್ಕೊಂದು ಜೋಡಿಸಿಕೊಂಡು ದೊಡ್ಡದಾಗುತ್ತದೆ. ಬಾಗಿದ ಮೂಲೆಯಲ್ಲಿ ಪಕ್ಕದ ಗೋಡೆಗೂ ಕೈ ಸಿಗುವುದರಿಂದ ಅಲ್ಲಿ ಬಿಗಿ ಹಿಡಿತ.

ಪರೀಕ್ಷೆ ಎರಡು. ಒಂದು, ಕೋಶವನ್ನು ದುಂಡಗೆ ಮಾಡಿ. ಬ್ಯಾಸಿಲಸ್‌ಗೆ ಸಕ್ಕರೆ ನೀರಿನಲ್ಲಿ ಲೈಸೋಜೈಮ್ ಹಾಕಿ ಗೋಡೆ ಕರಗಿಸಬಹುದು. ಈ. ಕೋಲಿಗೆ ಎ22 ಔಷಧಿ. ತುದಿಯೇ ಇಲ್ಲದಿದ್ದರೆ ಪ್ರೋಟೀನ್ ಏನು ಮಾಡುತ್ತದೆ ನೋಡಿ. ಎರಡು, ಪ್ರೋಟೀನನ್ನು ಪರಕೀಯ ಕೋಶಕ್ಕೆ ಹಾಕಿ. ಡಿವ್‌ಐವಿಎಯನ್ನು ಈ. ಕೋಲಿಗೆ ಹಾಕಿದರೂ ತುದಿಗೇ ಹೋಗುತ್ತದೆ. ಅಲ್ಲಿ ಅದರ ನೆಂಟರು ಯಾರೂ ಇಲ್ಲ. ಅಂದರೆ ಬ್ಯಾಸಿಲಸ್‌ನ ಬೇರೆ ಪ್ರೋಟೀನಿನ ಕೈ ಹಿಡಿದು ಹೋಗಿದ್ದಲ್ಲ.

ಕೊಬ್ಬನ್ನು ಹುಡುಕಿ ಬಂದದ್ದಾ? ಕಾರ್ಡಿಯೋಲಿಪಿನ್ ಎಂಬ ಕೊಬ್ಬಿಗೆ ತಲೆ ಸಣ್ಣದು, ಬಾಲ ನಾಲ್ಕು. ಬಾಗಿದ ಜಾಗ ಅದಕ್ಕೆ ಹಿತ. ಪ್ರೋಪಿ ಎಂಬ ಸಾಗಣೆ ಪ್ರೋಟೀನ್ ಈ ಕೊಬ್ಬನ್ನು ನೆಚ್ಚಿ ತುದಿಯಲ್ಲಿ ಸೇರುತ್ತದೆ. ಈ. ಕೋಲಿಯಲ್ಲಿ ಕಾರ್ಡಿಯೋಲಿಪಿನ್ ಮಾಡುವ ಜೀನ್ ಮೂರು. ಮೂರನ್ನೂ ತೆಗೆದ ಸ್ಟ್ರೇನ್‌ನಲ್ಲಿ ಚುಕ್ಕೆ ಹರಡಿಹೋಗುತ್ತಾ ನೋಡಿ. ಬಣ್ಣ ಹಾಕಿ ಕಾರ್ಡಿಯೋಲಿಪಿನ್ ನೋಡುವ ರೂಢಿಯೂ ಇದೆ. ಆ ಬಣ್ಣ ಬೇರೆ ಕೊಬ್ಬಿಗೂ ಹಿಡಿಯುವುದರಿಂದ ನನಗೆ ಅದರ ಮೇಲೆ ನಂಬಿಕೆ ಕಡಿಮೆ.

ಸೀಳಿನ ಗುರುತಾ? ಕಾಲೋಬ್ಯಾಕ್ಟರ್ ಎಂಬುದು ಹೊಳೆ, ಕೆರೆಗಳ ತಿಳಿನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ಒಂದು ತುದಿಯಲ್ಲಿ ತೊಟ್ಟು, ಇನ್ನೊಂದು ತುದಿಯಲ್ಲಿ ಈಜುವ ಬಾಲ. ಅದರ ಟಿಪ್‌ಎನ್ ಪ್ರೋಟೀನ್ ಸೊಂಟ ಸೀಳುವಾಗಲೇ ಅಲ್ಲಿ ಸೇರಿ, ಹೊಸ ತುದಿಯಲ್ಲಿ ಉಳಿಯುತ್ತದೆ. ಹೊಕ್ಕುಳಿನ ಗುರುತು ಇದ್ದ ಹಾಗೆ. 2006ರಲ್ಲಿ ಗೊತ್ತಾದದ್ದು. ನಿಮ್ಮ ಚುಕ್ಕೆ ಸೀಳುವ ಮೊದಲೇ ನಡುವೆ ಕಾಣಿಸಿಕೊಳ್ಳುತ್ತಿದ್ದರೆ, ಸೀಳು ನಿಲ್ಲಿಸಿದಾಗ ಹೊಸ ಚುಕ್ಕೆ ಹುಟ್ಟದಿದ್ದರೆ, ಈ ದಾರಿ ಎಂದು ಬರೆದುಕೊಳ್ಳಿ. ಆದರೆ ಡಿವ್‌ಐವಿಎ ಕೂಡ ಸೀಳುವ ಜಾಗಕ್ಕೆ ಬರುತ್ತದೆ, ಅಲ್ಲೂ ಪೊರೆ ಬಾಗುತ್ತದಲ್ಲ. ಅದಕ್ಕೇ ಹಿಂದಿನ ಪರೀಕ್ಷೆ ಬಿಡಬಾರದು.

ಬೇರೆಯವರು ಕರೆತಂದದ್ದಾ? ಹೆಚ್ಚಿನ ಪ್ರೋಟೀನ್‌ಗಳು ಹೀಗೇ. ಯಾರೋ ಒಬ್ಬರು ಮೊದಲು ಹೋಗಿ ಮನೆ ಮಾಡುತ್ತಾರೆ, ಉಳಿದವರು ನೆಂಟರಾಗಿ ಬರುತ್ತಾರೆ. ಕಾಲೋಬ್ಯಾಕ್ಟರ್‌ನಲ್ಲಿ ಪಾಪ್‌ಝಡ್ ಅಂಥ ಯಜಮಾನ. ಕ್ರೋಮೋಸೋಮಿನ ಒಂದು ಭಾಗವನ್ನೂ ಅದು ತುದಿಗೆ ಕಟ್ಟಿಡುತ್ತದೆ. ಅಲ್ಲೇ ಎಸ್‌ಪಿಎಂಎಕ್ಸ್ ಪ್ರೋಟೀನ್ ಡಿವ್‌ಜೆ ಎಂಬ ಇನ್ನೊಂದು ಪ್ರೋಟೀನನ್ನು ತೊಟ್ಟಿನ ತುದಿಗೆ ಕರೆಯುತ್ತದೆ. ಕಾಲರಾ ಬ್ಯಾಕ್ಟೀರಿಯಾದಲ್ಲಿ ಹಬ್‌ಪಿ ಅಂಥ ಯಜಮಾನ. ಯಜಮಾನನ ಜೀನ್ ತೆಗೆದು, ನಿಮ್ಮ ಪ್ರೋಟೀನ್ ದಿಕ್ಕು ತಪ್ಪುತ್ತಾ ನೋಡಿ. ತಪ್ಪಿದರೆ ನಿಮ್ಮ ಪ್ರಶ್ನೆ ಯಜಮಾನನಿಗೆ ವರ್ಗವಾಯಿತು. ಅವನು ಹೇಗೆ ಬಂದ?

ಟಿಎಸ್‌ಆರ್‌ನಂಥ ಗ್ರಾಹಕಗಳ ಕಥೆ ಸ್ವಲ್ಪ ಬೇರೆ. ಅವುಗಳಲ್ಲಿ ಹೊಸಬರು ಇದ್ದ ಗುಂಪಿಗೆ ಸೇರುತ್ತಾರೆ, ಇಲ್ಲವೇ ತಾವೇ ಹೊಸ ಗುಂಪು ಕಟ್ಟುತ್ತಾರೆ. ಹಾಗೇ ಬೆಳೆಯುತ್ತಾ ದೊಡ್ಡ ಗುಂಪು ತುದಿಯಲ್ಲಿ ಉಳಿಯುತ್ತದೆ ಎಂದು 2009ರ ಒಂದು ಅಧ್ಯಯನ ಹೇಳುತ್ತದೆ. ಕೈ ತೋರಿಸುವ ಯಜಮಾನ ಬೇಕೆಂದೇನಿಲ್ಲ. ಎರಡು ದಾರಿ ಒಟ್ಟಿಗೆ ಕೆಲಸ ಮಾಡುವುದೂ ಉಂಟು. ನಿಮ್ಮ ಫಲಿತಾಂಶ ಅರ್ಧಂಬರ್ಧ ಬಂದರೆ ಗಾಬರಿ ಬೇಡ.

ಹಂತ 7: ಪ್ರೋಟೀನನ್ನು ಕತ್ತರಿಸಿ ನೋಡುವುದು

ಕೊನೆಗೆ, ಪ್ರೋಟೀನಿನ ಯಾವ ತುಂಡು ತುದಿಯನ್ನು ಹಿಡಿಯುತ್ತದೆ ಎಂದು ನೋಡಿ. ಒಂದು ಕಡೆಯಿಂದ ಐವತ್ತು ಐವತ್ತು ಅಮೈನೋ ಆಮ್ಲ ಕತ್ತರಿಸುತ್ತಾ ಹೋಗಿ. ಯಾವ ತುಂಡು ಹೋದಾಗ ಚುಕ್ಕೆ ಹೋಯಿತೋ, ಆ ತುಂಡನ್ನು ಮಾತ್ರ ಬಾಲಕ್ಕೆ ಕಟ್ಟಿ ನೋಡಿ. ಅದೊಂದೇ ತುದಿಗೆ ಹೋದರೆ ಕೆಲಸ ಮುಗಿಯಿತು. ತುಂಡು ಬಹಳ ಸಣ್ಣದಿರಬಹುದು. ಬ್ಯಾಸಿಲಸ್‌ನ ಸ್ಪೋವಿಎಂ ಪೂರ್ತಿ ಪ್ರೋಟೀನೇ 26 ಅಮೈನೋ ಆಮ್ಲ. ಅಷ್ಟರಲ್ಲೇ ಅದು ಒಳಗೆ ಬೆಳೆಯುವ ಬೀಜಕದ ಉಬ್ಬನ್ನು ಗುರುತು ಹಿಡಿಯುತ್ತದೆ. ಪ್ರತಿ ತುಂಡಿಗೂ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಪೂರ್ತಿ ಉಳಿದಿದೆಯಾ ಎಂದು ತೋರಿಸುವ ಪರೀಕ್ಷೆ) ಮಾಡಿ. ಕೆಲವೊಮ್ಮೆ ಪ್ರೋಟೀನ್ ಕರಗಿಹೋಗಿ ಬಾಲ ಮಾತ್ರ ಉಳಿದಿರುತ್ತದೆ. ನೀವು ಬರಿ ಜಿಎಫ್‌ಪಿಯ ಫೋಟೋ ತೆಗೆಯುತ್ತಿರುತ್ತೀರಿ.

ಚುಕ್ಕೆಯನ್ನು ಲೇಸರ್‌ನಿಂದ ಸುಟ್ಟು, ಹೊಳಪು ವಾಪಸ್ ಬರುತ್ತಾ ನೋಡುವ ವಿಧಾನವೂ ಇದೆ. ಬಂದರೆ ಪ್ರೋಟೀನ್ ಓಡಾಡುತ್ತಿದೆ, ಬರದಿದ್ದರೆ ಕಲ್ಲಾಗಿ ಕೂತಿದೆ. ಇದಕ್ಕೆ ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮೈಕ್ರೋಸ್ಕೋಪನ್ನು ಗಂಟೆ ಲೆಕ್ಕದಲ್ಲಿ ಕಾಯ್ದಿರಿಸಬೇಕಾಗಬಹುದು. ಒಪ್ಪಿಗೆ ಪತ್ರಗಳೊಂದಿಗೆ, ಪ್ಯಾರಾಫಿಲ್ಮ್ ಸುತ್ತಿದ ಪ್ಲೇಟ್ ಒಯ್ಯಿರಿ. ಕಲ್ಚರ್ ಅಲ್ಲಿ ಹೋಗಿ ಹಾಕಿ. ರಾತ್ರಿ ರೈಲಿನಲ್ಲಿ ಕುಲುಕಿದ ದ್ರವ ಕಲ್ಚರ್ ಬೆಳಿಗ್ಗೆ ಹಸಿದು ಕೂತಿರುತ್ತದೆ.

ನನ್ನ ಆ ಹಳೇ ಸ್ಟ್ರೇನ್ ಈಗಲೂ ಮೈನಸ್ 80ರ ಫ್ರೀಜರ್‌ನಲ್ಲಿದೆ. ಕರೆಂಟು ಹೋದಾಗೆಲ್ಲ ಮೊದಲು ಅದನ್ನೇ ನೋಡಿ ಬರುತ್ತೇನೆ. ಡಬ್ಬಿಯ ಮೇಲೆ ಹೆಸರಿಲ್ಲ, ಬರಿ ಒಂದು ನಂಬರ್. ಹೊಸದಾಗಿ ಸೇರಿದವರಿಗೆ ಮೊದಲ ವಾರ ಅದನ್ನೇ ಕೊಟ್ಟು, ಇದು ಎಲ್ಲಿದೆ ಹೇಳಿ ಅನ್ನುತ್ತೇನೆ. ಹೋದ ಮಳೆಗಾಲ ಬಂದ ಹುಡುಗ ಮಧ್ಯಾಹ್ನವೇ ಓಡಿ ಬಂದ. "ಸರ್, ತುದಿಯಲ್ಲಿದೆ ಸರ್!" ಹೌದಾ, ಎಂದು ಸುಮ್ಮನಾದೆ. ನಾಲ್ಕನೇ ದಿನ ಬಾಗಿಲ ಹತ್ತಿರ ನಿಂತು, ಲ್ಯಾಬಿನಲ್ಲಿ ಬೇರೆ ಬಣ್ಣದ ಪ್ಲಾಸ್ಮಿಡ್ ಇದೆಯಾ ಎಂದು ಕೇಳಿದ.